ಮಧುಕರಣ್ಣನ ಸವಾಲು

ಬೊಬ್ರುವಾಡದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಮಧುಕರಣ್ಣನ ಮನೆ. ಮಧುಕರ ನಾಯ್ಕ, ಸರ್ಕಾರಿ ಬಸ್ಸಿನ ಕಂಡಕ್ಟರ್. ಬೆಳಗಿನ ಅಂಕೋಲಾ–ಕಾರವಾರ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಅವನ ಗಂಟಲು ಗೊತ್ತು. ‘ಅವರ್ಸಾ, ಹಾರವಾಡ, ಅಮದಳ್ಳಿ, ಬಿಣಗಾ, ಕಾರವಾರ’ ಎಂದು ಸ್ಟ್ಯಾಂಡಿನಲ್ಲಿ ನಿಂತು ಅವನು ಕೂಗಿದರೆ ಎದುರಿನ ಹೋಟೆಲಿನಲ್ಲಿ ಕುಳಿತವರು ಅರ್ಧ ಚಾ ಬಿಟ್ಟು ಓಡಿ ಬರುತ್ತಾರೆ. ಆದರೆ ಊರಿನಲ್ಲಿ ಅವನಿಗೆ ಹೆಸರು ಬಂದದ್ದು ಬಸ್ಸಿನಿಂದಲ್ಲ, ಸವಾಲಿನಿಂದ.

ಬೇರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಪುಸ್ತಕದ ಕನ್ನಡದಲ್ಲಿ ಸವಾಲು ಎಂದರೆ ಪಂಥ. ನಮ್ಮ ಗುಡಿಗಳಲ್ಲಿ ಸವಾಲು ಎಂದರೆ ಹರಾಜು. ಭಜನೆ ಮುಗಿದ ಮೇಲೆ ದೇವರ ಮುಂದೆ ಕಟ್ಟಿದ ಫಲಾವಳಿಯನ್ನು, ಅಂದರೆ ಊರವರು ಒಪ್ಪಿಸಿದ ತೆಂಗಿನಕಾಯಿ, ಬಾಳೆಗೊನೆ, ಅನಾನಸು, ಸೌತೆಕಾಯಿಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಸವಾಲು ಕೂಗುತ್ತಾರೆ. ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಕಾಯಿ ಇಲ್ಲಿ ನಾನೂರಕ್ಕೆ ಹೋಗುತ್ತದೆ. ಕೊಂಡವರು ಅದನ್ನು ತಲೆಯ ಮೇಲೆ ಇಟ್ಟುಕೊಂಡ ಹಾಗೆ ಮನೆಗೆ ಒಯ್ಯುತ್ತಾರೆ. ದುಡ್ಡು ಯಾವಾಗ ಕೊಡಬೇಕು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಮುಂದಿನ ವರ್ಷದ ಭಜನೆಯೊಳಗೆ ಕೊಟ್ಟರಾಯಿತು. ಆ ವರ್ಷ ಮನೆಯಲ್ಲಿ ಏನಾದರೂ ಕಷ್ಟ ಬಂದರೆ ಅದರ ಮುಂದಿನ ವರ್ಷ. ದೇವರಿಗೆ ಅಷ್ಟು ಅವಸರ ಇಲ್ಲ ಎಂದು ಎಲ್ಲರಿಗೂ ಗೊತ್ತು.

ಸವಾಲು ಕೂಗುವುದರಲ್ಲಿ ಮಧುಕರಣ್ಣನಿಗೆ ಒಂದು ಕಟ್ಟುನಿಟ್ಟು ಇತ್ತು. ಅವನು ಯಾರ ಹೆಸರನ್ನೂ ಹಿಡಿದು ಕೂಗುತ್ತಿರಲಿಲ್ಲ. ‘ಯಾರದ್ರಾ ಮುಂದೆ?’ ಎನ್ನುತ್ತಿದ್ದನೇ ಹೊರತು ‘ಇಂಥವರು ಯಾಕೆ ಸುಮ್ಮನಿದ್ದೀರಿ’ ಎನ್ನುತ್ತಿರಲಿಲ್ಲ. ಇಬ್ಬರು ಏರಿಸುತ್ತ ಹೋಗಿ, ಅವರ ಮುಖದಲ್ಲಿ ಖುಷಿ ಹೋಗಿ ಹಠ ಕಂಡಿತೋ, ಅಲ್ಲಿಗೇ ‘ಒಂದನೇ ಸಲ, ಎರಡನೇ ಸಲ, ಮೂರನೇ ಸಲ’ ಎಂದು ಕಾಯಿ ಕೈಗೆ ಕೊಟ್ಟು ಮುಗಿಸುತ್ತಿದ್ದ. ಮೂರನೇ ಸಲ ಎಂದ ಮೇಲೆ ಮಾತಿಲ್ಲ. ಗುಡಿಯ ಅಧ್ಯಕ್ಷರೇ ಎದ್ದು ನಿಂತು ಇನ್ನೂ ಐನೂರು ಹೆಚ್ಚು ಕೊಡುತ್ತೇನೆ ಎಂದರೂ ಮಾತಿಲ್ಲ. ದೇವರ ಎದುರು ಬಾಯಿಂದ ಹೋದದ್ದು ಹೋಯಿತು.

ಇಂಥ ಮನುಷ್ಯನನ್ನು ನಮ್ಮ ಮಕ್ಕಳ ಶಾಲೆ ಹೇಗೆ ಕೆಡಿಸಿತು ಎನ್ನುವುದನ್ನು ಹೇಳಲಿಕ್ಕೆ ಹೊರಟಿದ್ದೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬರಲಿ.

ಶಾಲೆ ಅಂಕೋಲೆಯಲ್ಲೇ ಇದೆ. ಹೆಸರು ಬೇಡ. ಇಂಗ್ಲಿಷ್ ಮೀಡಿಯಂ. ನನ್ನ ಮಗಳು, ಮಧುಕರಣ್ಣನ ಮಗ ನಿತೇಶ, ಇಬ್ಬರೂ ಅಲ್ಲೇ. ಫೀ ಕಟ್ಟುವುದು ಅಲ್ಲಿ ಬರಿಯ ಪೀಠಿಕೆ. ಆಮೇಲೆ ಶುರುವಾಗುತ್ತದೆ ವರ್ಷವಿಡೀ ವಸೂಲಿ. ಜುಲೈಯಲ್ಲಿ ಲಕ್ಕಿ ಡಿಪ್ ಚೀಟಿಯ ಪುಸ್ತಕ ಮಗುವಿನ ಚೀಲದಲ್ಲಿ ಬರುತ್ತದೆ. ಮಾರಬೇಕು, ಮಾರದಿದ್ದರೆ ನಾವೇ ಕೊಳ್ಳಬೇಕು. ಆಮೇಲೆ ಫನ್ ಫೇರ್. ಅದರಷ್ಟು ಹೇಸಿಗೆಯ ಕಾರ್ಯಕ್ರಮವನ್ನು ನಾನು ನೋಡಿಲ್ಲ. ಮನೆಯಲ್ಲಿ ನಮ್ಮ ಬೆಲ್ಲ, ನಮ್ಮ ಹೆಸರುಕಾಳು, ನಮ್ಮ ಗ್ಯಾಸು ಹಾಕಿ ಸುಕ್ಕಿನುಂಡೆ ಮಾಡಿ ಶಾಲೆಗೆ ಒಯ್ದು ಕೊಡಬೇಕು. ಆಮೇಲೆ ಕೂಪನ್ ಕೊಂಡು ಅದೇ ಸುಕ್ಕಿನುಂಡೆಯನ್ನು ನಾವೇ ತಿನ್ನಬೇಕು. ಹೋದ ವರ್ಷ ನಾನು ಮಾಡಿದ ಉಂಡೆಯನ್ನು ನನಗೇ ಇಪ್ಪತ್ತು ರೂಪಾಯಿಗೆ ಮಾರಿ, ‘ತುಂಬಾ ಟೇಸ್ಟಿ ಆಗಿದೆ ಮೇಡಂ, ಇನ್ನೆರಡು ತಗೊಳ್ಳಿ’ ಎಂದರು. ರಸೀದಿ ಕೇಳಿದರೆ ಅದರ ಮೇಲೆ ‘ಸ್ವಇಚ್ಛೆಯ ದೇಣಿಗೆ’ ಎಂದು ಅಚ್ಚು ಹಾಕಿದೆ. ಆ ಸ್ವಇಚ್ಛೆ ಎನ್ನುವ ಶಬ್ದ ಕಂಡರೆ ಈಗಲೂ ನನಗೆ ವಾಕರಿಕೆ ಬರುತ್ತದೆ.

ಇದಕ್ಕೆಲ್ಲ ಕಾರಣ ಒಂದು ಸಭಾಭವನ. ಆಡಳಿತ ಮಂಡಳಿಯ ಕಾರ್ಯದರ್ಶಿ ಗುರುಪ್ರಸಾದ ಸರ್ ಎಂಬವರಿಗೆ ಎಸಿ ಸಭಾಭವನ ಕಟ್ಟಿಸುವ ಆಸೆ. ಮಕ್ಕಳ ಮೂತ್ರಿಖಾನೆಗೆ ಬಾಗಿಲಿನ ಚಿಲಕ ಇಲ್ಲ, ಆದರೆ ಸಭಾಭವನಕ್ಕೆ ಎಸಿ ಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈ ಮುಗಿದೇ ಮಾತು, ಮಾತಿಗೊಮ್ಮೆ ‘ನಮ್ಮ ಕುಟುಂಬ’ ಎನ್ನುವ ಅಭ್ಯಾಸ. ಹೋದ ನವರಾತ್ರಿಯಲ್ಲಿ ಶಾಲೆಯ ಶಾರದಾ ಪೂಜೆಗೆ ಫಲಾವಳಿ ಕಟ್ಟಿ ಸವಾಲು ಇಡೋಣ ಎಂದು ಅವರಿಗೇ ಹೊಳೆದದ್ದು. ಸವಾಲು ಎಂದ ಮೇಲೆ ಮಧುಕರಣ್ಣ ಬೇಕೇ ಬೇಕಲ್ಲ.

ಪಾಲಕರ ಸಭೆಯಲ್ಲಿ ಹಿಂದಿನ ಬೆಂಚಿನ ಮೂಲೆ ಹಿಡಿದು ಕೂರುವ ಮನುಷ್ಯ ಅವನು. ಅಲ್ಲಿ ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ, ಇವನು ಎಲ್ಲದಕ್ಕೂ ತಲೆ ಆಡಿಸಿ ಬರುತ್ತಾನೆ. ಗುರುಪ್ರಸಾದ ಸರ್ ಕಾರು ತಕ್ಕೊಂಡು ಮನೆ ಬಾಗಿಲಿಗೇ ಬಂದು ‘ಮಧುಕರ ಅವರೇ, ನಿಮ್ಮ ಧ್ವನಿ ನಮ್ಮ ಕುಟುಂಬಕ್ಕೆ ಬೇಕು’ ಎಂದಾಗ ಅವನು ಉಬ್ಬಿಹೋದ. ಆ ಸಂಜೆ ನಮ್ಮ ಜಗಲಿಗೆ ಬಂದು ಹೇಳಿದ:

‘ರಂಜನಾ, ನಾ ಸ್ಟೇಜ್ ಮೇಲೆ ನಿತ್ಕಂಡ್ರೆ ನಮ್ಮ ನಿತೇಶನಿಗೆ ಒಂದ್ ಹೆಮ್ಮೆ ಅಲ್ದಾ?’

ನಾನು ಹೊಲಿಗೆ ಮಿಶನ್ ನಿಲ್ಲಿಸಿ, ‘ಹೆಮ್ಮೆ ಅಂತೂ ಹೌದು ಮಧುಕರಣ್ಣ. ಆದ್ರೆ ಗುಡಿ ಬೇರೆ, ಆ ಸಾಲೆ ಬೇರೆ’ ಎಂದೆ.

‘ದೇವಿ ಒಬ್ಳೇ ಮಾರಾಯ್ತಿ’ ಎಂದು ನಕ್ಕು ಹೋದ.

ಪೂಜೆಯ ದಿನ ಶಾಲೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮಕ್ಕಳು ಮುಂದೆ ಚಾಪೆಯ ಮೇಲೆ. ಮೊದಮೊದಲು ಎಲ್ಲ ಗುಡಿಯ ಹಾಗೇ ನಡೆಯಿತು. ಮಧುಕರಣ್ಣನ ಕೂಗಿಗೆ ಜನ ನಕ್ಕರು, ಏರಿಸಿದರು. ನಾಲ್ಕಾರು ಕಾಯಿ ಹೋದ ಮೇಲೆ ಗುರುಪ್ರಸಾದ ಸರ್ ಅವನ ಹಿಂದೆ ಬಂದು ನಿಂತರು. ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಹೇಳಿದರು. ಮಧುಕರಣ್ಣ ಬೇಡ ಎನ್ನುವ ಹಾಗೆ ತಲೆ ಆಡಿಸಿದ. ಅವರು ಅವನ ಹೆಗಲ ಮೇಲೆ ಕೈ ಇಟ್ಟು ನಗುತ್ತ ಇನ್ನೊಮ್ಮೆ ಹೇಳಿದರು. ಅವನು ಕಾಯಿ ಎತ್ತಿ ಹಿಡಿದ. ಆಮೇಲೆ ಮೈಕಿನಲ್ಲಿ, ‘ಮುಂದಿನ ಕಾಯಿ. ನಮ್ಮ ಮಾನಸಾನ ತಾಯಿ ನಾಗಿಬಾಯಿ ಬಂದಾರೆ. ನಾಗಿಬಾಯಿ, ನಿಮ್ದು ಎಷ್ಟು?’ ಎಂದ.

ಇಷ್ಟು ವರ್ಷದಲ್ಲಿ ಮಧುಕರಣ್ಣನ ಬಾಯಲ್ಲಿ ಸವಾಲಿನ ಹೊತ್ತಿಗೆ ಒಬ್ಬರ ಹೆಸರು ಬಂದದ್ದನ್ನು ನಾನು ಕೇಳಿರಲಿಲ್ಲ.

ನಾಗಿ ಭಾವಿಕೇರಿಯವಳು. ಗಂಡ ರಾಜೀವ ಬೋಟಿಗೆ ಹೋಗುತ್ತಾನೆ. ಇವಳು ಬೆಳಿಗ್ಗೆ ಮಧುಕರಣ್ಣನ ಬಸ್ಸಿನಲ್ಲೇ ಕಾರವಾರದ ಬಂದರಿಗೆ ಹೋಗಿ ಮೀನು ಕೊಂಡು ತಂದು, ಅಂಕೋಲೆಯ ಪೇಟೆಯಲ್ಲಿ ಕೂತು ಮಾರುತ್ತಾಳೆ. ಬೇರೆ ಕಂಡಕ್ಟರುಗಳು ಬುಟ್ಟಿ ಕಂಡರೆ ಮೂಗು ಮುಚ್ಚಿಕೊಂಡು ಜಗಳ ತೆಗೆಯುತ್ತಾರೆ, ಇವನು ಹಿಂದಿನ ಸೀಟಿನ ಕೆಳಗೆ ತಾನೇ ಜಾಗ ಮಾಡಿ ಕೊಡುತ್ತಾನೆ. ಒಬ್ಬಳೇ ಮಗಳು ಮಾನಸಾ, ಐದನೇ ಇಯತ್ತೆ. ಆ ದಿನ ಪೇಟೆಯ ವ್ಯಾಪಾರ ಬಿಟ್ಟು ಪೂಜೆಗೆ ಬಂದಿದ್ದಳು ನಾಗಿ. ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಬಂದಿದ್ದಳು. ಆದರೂ ಅವಳ ಪಕ್ಕದ ಹೆಂಗಸು ಕುರ್ಚಿಯನ್ನು ಸದ್ದಿಲ್ಲದೆ ಆಚೆ ಸರಿಸಿಕೊಂಡದ್ದನ್ನು ನಾನು ನೋಡಿದೆ.

ಹೆಸರು ಕೇಳಿದ್ದೇ ಎಲ್ಲರೂ ತಿರುಗಿ ನೋಡಿದರು. ಚಾಪೆಯ ಮೇಲಿದ್ದ ಮಾನಸಾ ಎದ್ದು ನಿಂತು ತಾಯಿಯ ಕಡೆ ನೋಡಿದಳು. ನಾಗಿ ‘ಐನೂರು’ ಎಂದಳು. ಗುರುಪ್ರಸಾದ ಸರ್ ಮುಂದಿನ ಸಾಲಿನಲ್ಲಿ ಕುಳಿತ ತಮ್ಮ ಕಡೆಯವರೊಬ್ಬರತ್ತ ಕಣ್ಣು ಹಾಯಿಸಿದರು. ಅವರು ‘ಸಾವಿರ’ ಎಂದರು. ಮತ್ತೆ ಹೆಸರು. ಮತ್ತೆ ನಾಗಿ. ಮತ್ತೆ ಅವರು. ಮಧುಕರಣ್ಣನಿಗೆ ಅವಳ ಮುಖ ಕಾಣುತ್ತಿತ್ತು. ಗುಡಿಯಲ್ಲಾಗಿದ್ದರೆ ಎಂದೋ ಮೂರನೇ ಸಲ ಎಂದುಬಿಡುತ್ತಿದ್ದ. ಹೆಗಲ ಮೇಲಿನ ಕೈ ಅವನನ್ನು ಬಿಡಲಿಲ್ಲ. ಏಳು ಸಾವಿರಕ್ಕೆ ಹೋಗಿ ನಿಂತಿತು. ನಾಗಿ ಸೆರಗು ಒಡ್ಡಿ ಕಾಯಿ ತಕ್ಕೊಂಡಳು. ಜನ ಚಪ್ಪಾಳೆ ತಟ್ಟಿದರು. ಮಾನಸಾಳಿಗೆ ಆ ದಿನ ನೆಲ ಕಾಣುತ್ತಿರಲಿಲ್ಲ.

ಅದಾಗಿ ಒಂದು ವಾರಕ್ಕೆ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಬಾಕಿದಾರರ ಪಟ್ಟಿ ಬಂತು. ಸವಾಲಿನ ದುಡ್ಡು ಸೋಮವಾರದೊಳಗೆ ತುಂಬಬೇಕು ಎಂದು ಒಕ್ಕಣೆ, ಕೆಳಗೆ ಕೈ ಮುಗಿದ ಚಿತ್ರ. ಮೊದಲ ಹೆಸರು ನಾಗಿಯದು. ನಾಗಿಗೆ ಓದಲಿಕ್ಕೆ ಬಾರದು, ಅವಳ ಮೊಬೈಲಿನಲ್ಲಿ ವಾಟ್ಸಾಪೂ ಇಲ್ಲ. ಅವಳು ಕಾಯಿಯನ್ನು ದೇವರ ಗೂಡಿನಲ್ಲಿ ಇಟ್ಟು, ಬರುವ ನವರಾತ್ರಿಯೊಳಗೆ ಸ್ವಲ್ಪ ಸ್ವಲ್ಪವೇ ಕೂಡಿಸಿ ಕೊಟ್ಟರಾಯಿತು ಎಂದು ನೆಮ್ಮದಿಯಾಗಿದ್ದಳು. ಸವಾಲು ಎಂದರೆ ಅವಳು ಹುಟ್ಟಿದಾಗಿನಿಂದ ಕಂಡದ್ದು ಅದೊಂದೇ ಬಗೆ. ಸುದ್ದಿ ಅವಳಿಗೆ ಮುಟ್ಟಿದ್ದು ಮಗಳ ಬಾಯಿಂದ. ಬೆಳಗಿನ ಪ್ರಾರ್ಥನೆಯಲ್ಲಿ ಬಾಕಿ ಇದ್ದವರ ಮಕ್ಕಳ ಹೆಸರು ಓದಿ ಎದ್ದು ನಿಲ್ಲಿಸುತ್ತಿದ್ದರು. ದಿನಾ.

ನೀವೇ ಹೇಳಿ, ಇದನ್ನು ಏನೆನ್ನಬೇಕು? ಸರಸ್ವತಿಯ ಹೆಸರಿನಲ್ಲಿ ಒಂದು ತೆಂಗಿನಕಾಯಿ ಮಾರಿ, ಅದರ ದುಡ್ಡಿಗೆ ಹತ್ತು ವರ್ಷದ ಹುಡುಗಿಯನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸುವವರ ಬಾಯಲ್ಲಿ ಕುಟುಂಬ ಎಂಬ ಶಬ್ದ! ನನಗೆ ಅಸಹ್ಯವಾದದ್ದು ಅವರಿಂದ ಮಾತ್ರ ಅಲ್ಲ. ಆ ಪಟ್ಟಿಯ ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತಿದ ಪಾಲಕರಿಂದಲೂ. ತಮ್ಮ ಹೆಸರು ಅದರಲ್ಲಿಲ್ಲ ಎನ್ನುವ ನೆಮ್ಮದಿಗೆ ಒತ್ತಿದ ಹೆಬ್ಬೆರಳು ಅದು.

ಡಿಸೆಂಬರಿನಲ್ಲಿ ಗ್ಯಾದರಿಂಗ್ ಬಂತು. ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಗೇ ಅನ್ನುವುದು. ಹುಡುಗಿಯರ ನವಿಲು ನೃತ್ಯದ ಬಟ್ಟೆ ಹೊಲಿಯುವ ಕೆಲಸ ನನಗೆ ಬಂದಿತ್ತು. ಅದೂ ಅರ್ಧ ಮಜೂರಿಗೆ, ಉಳಿದರ್ಧ ನನ್ನ ಸ್ವಇಚ್ಛೆ. ಮುಂದಿನ ಸಾಲಿನ ನಡುವಿನ ನವಿಲು ಮಾನಸಾ. ಅಳತೆ ಕೊಡಲಿಕ್ಕೆ ಬಂದವಳು ಜಗಲಿಯ ನನ್ನ ಹೊಲಿಗೆ ಅಂಗಡಿಯಲ್ಲೇ ಕುಣಿದು ತೋರಿಸಿದ್ದಳು. ‘ಅಕ್ಕಾ, ತಿರುಗಿದ್ರೆ ಗೋಲ ಬತ್ತದಾ?’ ಎಂದು ನೂರು ಸಲ ಕೇಳಿದ್ದಳು. ಅವಳಿಗಾಗಿ ಲಂಗದ ಘೇರು ಒಂದು ಮೀಟರ್ ಹೆಚ್ಚೇ ಇಟ್ಟಿದ್ದೆ.

ಗ್ಯಾದರಿಂಗಿಗೆ ನಾಲ್ಕು ದಿನ ಇರುವಾಗ ಕ್ಲಾಸ್ ಟೀಚರ್ ದೀಪಾ ಅಂಗಡಿಗೆ ಬಂದರು.

‘ರಂಜನಾಕ್ಕ, ಮಾನಸಾನ ಡ್ರೆಸ್ ಸ್ವಲ್ಪ ದೊಡ್ಡದು ಮಾಡ್ಬೇಕು. ಹಿಂದೆ ಮರದ ಕೊಂಬೆ ಹಿಡ್ಕಂಡು ನಿಲ್ತಾಳಲ್ಲ, ಆ ಹುಡುಗಿ ಹಾಕ್ತಾಳೆ.’

‘ಮಾನಸಾಗೆ ಎಂತಾ ಆಗದೆ? ಹುಷಾರಿಲ್ವಾ?’

ದೀಪಾ ಟೀಚರ್ ನನ್ನ ಮುಖ ನೋಡದೆ ಕತ್ತರಿಯನ್ನು ಅತ್ತಿತ್ತ ಸರಿಸಿದರು. ‘ಬಾಕಿ ಇದ್ದವ್ರ ಮಕ್ಳು ಸ್ಟೇಜ್ ಮೇಲೆ ಬೇಡ ಅಂತ ಮೇಲಿಂದ ಹೇಳಾರೆ. ನಂಗೆ ಬಯ್ಬೇಡಿ ಅಕ್ಕಾ. ನಮ್ಗೇ ಎರಡು ತಿಂಗ್ಳಿಂದ ಪಗಾರ ಆಗಿಲ್ಲ.’

ಬೈಯಲಿಲ್ಲ. ಆಯಿತು, ಸರಿ ಮಾಡಿಕೊಡುತ್ತೇನೆ ಎಂದೆ. ಅವರು ಹೋದ ಮೇಲೆ ಲಂಗವನ್ನು ಮಡಚಿ ಕಪಾಟಿನಲ್ಲಿ ಇಟ್ಟೆ. ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಜರಿ ಲೇಸು ತರಲಿಕ್ಕೆ ನಾನು ಕಾರವಾರದ ಬಸ್ಸು ಹತ್ತಿದೆ. ಮಧುಕರಣ್ಣನದೇ ಬಸ್ಸು. ನಾಗಿ ಹಿಂದಿನ ಸೀಟಿನಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಅವನು ಟಿಕೆಟ್ ಕೊಡುತ್ತ ಅವಳ ಹತ್ತಿರ ಬಂದಾಗ ಅವಳು ಬುಟ್ಟಿಯಿಂದ ಒಂದು ಕಾಯಿ ತೆಗೆದು ಅವನ ಮುಂದೆ ಹಿಡಿದಳು. ಒಣಗಿದ ಜುಟ್ಟು, ಅದರ ಮೇಲೆ ಶಾರದಾ ಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು.

‘ಇದ್ನ ವಾಪಸ್ ತಕಳಿ ಮಧುಕರಣ್ಣ.’

‘ದೇವಿ ಕಾಯಿ ನಾಗಿಬಾಯಿ. ವಾಪಸ್ ತಕಂಬೂಕೆ ಬತ್ತದಾ?’

‘ಬರೂದಿಲ್ಲ ಅಂತ ನಂಗೂ ಗೊತ್ತದೆ. ಮನೇಲಿ ಇಟ್ಕಂಬೂಕೆ ಆಗೂದಿಲ್ಲ. ನಮ್ಮ ಹುಡುಗಿ ಇದ್ರ ಮುಖ ಕಂಡ್ರೆ ಅಳ್ತದೆ.’ ಅವಳ ದನಿ ಜೋರಿರಲಿಲ್ಲ. ‘ನೀವು ಹೆಸರು ಹಿಡ್ದು ಕೂಗಿದ್ರಿ ಅಂತ ನಾ ಏರ್ಸಿದೆ. ಬೇರೆ ಯಾರು ಕೂಗಿದ್ರೂ ಸುಮ್ನೆ ಕೂತ್ಕಂತಿದ್ದೆ. ಮಧುಕರಣ್ಣ ಕೂಗ್ತಾರಂದ್ರೆ ನನ್ನ ಕೈಲಿ ಆಗೂದೇ ಇರ್ಬೇಕು ಅಂದ್ಕಂಡೆ.’

ಬಸ್ಸು ಅವರ್ಸೆಯಲ್ಲಿ ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಸೀಟಿ ಊದಬೇಕಾದವನು ಕಾಯಿ ಹಿಡಿದುಕೊಂಡು ಹಾಗೇ ನಿಂತಿದ್ದ. ಡ್ರೈವರ್ ತಿರುಗಿ ನೋಡಿ ‘ಏನ್ರೀ ನಾಯ್ಕರೇ, ನಿದ್ದಿಯಾ?’ ಎಂದು ಕೂಗಿದ ಮೇಲೆ ಸೀಟಿ ಬಂತು. ಆ ದಿನ ಕಾರವಾರದವರೆಗೂ ಅವನು ಒಂದೇ ಒಂದು ಊರಿನ ಹೆಸರು ಕೂಗಲಿಲ್ಲ. ಅಮದಳ್ಳಿಯಲ್ಲಿ ಇಳಿಯಬೇಕಾದ ಒಬ್ಬ ಮುದುಕ ಬಿಣಗಾದಲ್ಲಿ ಇಳಿದು ಬೈದುಕೊಂಡು ಹೋದ. ಕಾಯಿ ಮಧುಕರಣ್ಣನ ಖಾಕಿ ಚೀಲದಲ್ಲೇ ಉಳಿಯಿತು.

ಅವನನ್ನು ಕಂಡು ನನಗೆ ಅಯ್ಯೋ ಅನಿಸಲಿಲ್ಲ. ಆಗಲಿ, ಚೆನ್ನಾಗಿ ಆಗಲಿ ಎನ್ನಿಸಿತು. ಆದರೆ ಸಂಜೆ ಗೊತ್ತಾದ ಸುದ್ದಿಗೆ ಮೈ ಉರಿದುಹೋಯಿತು. ಶಾರದಾ ಪೂಜೆಯ ಗಳಿಕೆ ಕಂಡು ಶಾಲೆಯವರಿಗೆ ರುಚಿ ಹತ್ತಿತ್ತು. ಗ್ಯಾದರಿಂಗಿನ ದಿನವೂ ದೇವಿಯ ಫೋಟೋ ಇಟ್ಟು, ಫಲಾವಳಿ ಕಟ್ಟಿ, ಮತ್ತೊಮ್ಮೆ ಸವಾಲು. ಗುರುಪ್ರಸಾದ ಸರ್ ಫೋನ್ ಮಾಡಿದ್ದಕ್ಕೆ ಮಧುಕರಣ್ಣ ‘ಕೂಗ್ತೆ ಸರ್’ ಎಂದು ಒಪ್ಪಿಕೊಂಡಿದ್ದ.

ನಾನು ಸೀದಾ ಅವನ ಮನೆಗೆ ಹೋದೆ. ‘ಮಧುಕರಣ್ಣ, ನಾಚ್ಗೆ ಇಲ್ವಾ ನಿಂಗೆ? ಆ ಹುಡುಗಿಗೆ ಡ್ಯಾನ್ಸಿಂದ ತೆಗ್ದು ಹಾಕಾರೆ, ಗೊತ್ತದಾ? ನೀ ಮತ್ತೆ ಅವ್ರ ಮೈಕ್ ಹಿಡೂಕೆ ಹೋತ್ಯಾ?’

ಅವನು ಊಟದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ‘ಮಾನಸಾನ ಡ್ರೆಸ್ ಏನ್ ಮಾಡ್ದೆ?’ ಎಂದು ಕೇಳಿದ.

‘ಏನೂ ಮಾಡ್ಲಿಲ್ಲ. ಹಾಂಗೇ ಅದೆ.’

‘ಗ್ಯಾದರಿಂಗಿಗೆ ಬರುವಾಗ ತಕಂಡ್ ಬಾ’ ಎಂದ.

ಗ್ಯಾದರಿಂಗಿನ ಸಂಜೆ ಅಂಗಳ ತುಂಬಿತ್ತು. ಸ್ಟೇಜಿನ ಮೇಲೆ ಸೋಫಾ, ಮುಖ್ಯ ಅತಿಥಿ, ಶಾಲು, ಹಾರ. ಹಿಂದೆ ಹೊಸ ಸಭಾಭವನದ ಬಣ್ಣದ ಚಿತ್ರ. ನಾಗಿ ಕುರ್ಚಿಗಳ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಮಾನಸಾ, ಶಾಲೆಯ ಯೂನಿಫಾರ್ಮಿನಲ್ಲೇ. ಬರುವುದಿಲ್ಲ ಎಂದು ಹಠ ಮಾಡಿದವಳನ್ನು ನಾಗಿ ಎಳೆದು ತಂದಿದ್ದಳಂತೆ. ನನ್ನ ಕೈಯಲ್ಲಿ ಬಟ್ಟೆಯ ಚೀಲ.

ಸವಾಲು ಶುರುವಾಯಿತು. ಮಧುಕರಣ್ಣ ಮೊದಲು ಬಾಳೆಗೊನೆ ಎತ್ತಿ ಹಿಡಿದ. ‘ದೇವಿ ಗೊನೆ. ಯಾರದ್ರಾ ಮೊದ್ಲು?’ ಯಾರೋ ‘ನೂರಾ ಒಂದು’ ಎಂದರು. ಆ ಮಾತು ಮುಗಿಯುವುದರೊಳಗೆ ಇವನು ‘ಒಂದನೇ ಸಲ ಎರಡನೇ ಸಲ ಮೂರನೇ ಸಲ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಗೊನೆಯನ್ನು ಅವರ ಕೈಗೆ ಕೊಟ್ಟುಬಿಟ್ಟ. ಕೊಂಡವರೇ ಬೆಪ್ಪಾದರು. ಗುರುಪ್ರಸಾದ ಸರ್ ಬಾಯಿ ತಪ್ಪಿರಬೇಕು ಎಂದು ನಕ್ಕರು. ಅನಾನಸು ಬಂತು. ‘ಐವತ್ತು.’ ಮತ್ತೆ ಒಂದೇ ಉಸಿರು, ಮತ್ತೆ ಮುಗಿಯಿತು. ಈಗ ಜನರಿಗೆ ಏನೋ ವಾಸನೆ ಹತ್ತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಪ್ರಸಾದ ಸರ್ ಎದ್ದು ಅವನ ಹಿಂದೆ ಬಂದು ಹೆಗಲ ಮೇಲೆ ಕೈ ಇಟ್ಟರು. ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು: ‘ಏನ್ರೀ ಇದು? ಏರಿಸಲಿಕ್ಕೆ ಬಿಡಿ. ಹೆಸರು ಕೂಗಿ, ಹೆಸರು.’

‘ಹೆಸ್ರು ಕೂಗ್ತೆ ಸರ್’ ಎಂದ ಮಧುಕರಣ್ಣ. ಬಗ್ಗಿ ಕಾಲ ಬಳಿ ಇಟ್ಟಿದ್ದ ತನ್ನ ಖಾಕಿ ಚೀಲದಿಂದ ಒಂದು ಕಾಯಿ ತೆಗೆದ. ಒಣ ಜುಟ್ಟಿನ ಕಾಯಿ.

‘ಇದು ಶಾರದಾ ಪೂಜೆ ಕಾಯಿ. ವಾಪಸ್ ಬಂದದೆ, ಹಳೇ ಸವಾಲು ಹೋಯ್ತು. ಮತ್ತೊಂದ್ಸಲ ಸವಾಲು. ಯಾರದ್ರಾ?’

‘ಒಂದು ರೂಪಾಯಿ!’ ಗೋಡೆಯ ಕಡೆಯಿಂದ ನಾಗಿಯ ದನಿ ಬಂತು. ಪೇಟೆಯಲ್ಲಿ ಬಂಗಡೆ ಮಾರುವ ದನಿ. ಗ್ಯಾದರಿಂಗಿನ ದಿನ ಬೆಳಿಗ್ಗೆ ಬಸ್ಸಿನಲ್ಲಿ ಅವನೇ ಅವಳಿಗೆ ಹೇಳಿಟ್ಟಿದ್ದನೆಂದು ನನಗೆ ಆಮೇಲೆ ತಿಳಿಯಿತು.

ಗುರುಪ್ರಸಾದ ಸರ್ ಮೈಕು ಕಸಿದುಕೊಂಡರು. ಕಸಿದುಕೊಳ್ಳಲಿ. ಹೆದ್ದಾರಿಯ ಲಾರಿಗಳ ಸದ್ದಿನ ಮೇಲೆ ಇಷ್ಟು ವರ್ಷ ಕೂಗಿದ ಗಂಟಲಿಗೆ ಮೈಕು ಯಾಕೆ? ‘ಒಂದನೇ ಸಲ! ಎರಡನೇ ಸಲ! ಮೂರನೇ ಸಲ!’ ಎಂದು ಅವನು ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿರಬೇಕು. ನಾಗಿ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ದೇವಿಯ ಫೋಟೋದ ಮುಂದೆ ಒಂದು ರೂಪಾಯಿ ಇಟ್ಟಳು. ಕಾಯಿ ತಕ್ಕೊಂಡಳು.

‘ಕೇಳಿ ಎಲ್ರೂ’ ಎಂದ ಮಧುಕರಣ್ಣ. ‘ಮಾನಸಾ ರಾಜೀವ ಹರಿಕಾಂತ, ಬಾಕಿ ಇಲ್ಲ! ಮಾನಸಾ ರಾಜೀವ ಹರಿಕಾಂತ, ಬಾಕಿ ಇಲ್ಲ! ಮಾನಸಾ ರಾಜೀವ ಹರಿಕಾಂತ, ಬಾಕಿ ಇಲ್ಲ!’

ಆಮೇಲೆ ಚಪ್ಪಾಳೆ ಬಿತ್ತು. ಪಟ್ಟಿಗೆ ಹೆಬ್ಬೆರಳು ಒತ್ತಿದವರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನನಗೆ ಅದೂ ಅಸಹ್ಯವೇ. ಮುಖ್ಯ ಅತಿಥಿಗೆ ಏನೂ ಅರ್ಥವಾಗದೆ ಅವರೂ ತಟ್ಟಿದರು. ಅವರು ತಟ್ಟಿದ ಮೇಲೆ ಗುರುಪ್ರಸಾದ ಸರ್ ಕೂಡ ಹಲ್ಲು ಬಿಡಬೇಕಾಯಿತು. ಆ ಗದ್ದಲದಲ್ಲಿ ನಾನು ಮಾನಸಾಳ ಕೈ ಹಿಡಿದು ಸ್ಟೇಜಿನ ಹಿಂದಕ್ಕೆ ಓಡಿದೆ. ದೀಪಾ ಟೀಚರ್ ಪರದೆ ಸರಿಸಿದರು. ಕೊಂಬೆಯ ಹುಡುಗಿ ಅಬ್ಬಾ ಎಂದು ತನ್ನ ಕೊಂಬೆ ವಾಪಸು ಹಿಡಿದುಕೊಂಡಳು. ಮಾನಸಾ ಕುಣಿದಳು. ತಿರುಗಿದಾಗ ಲಂಗ ಗೋಲ ಬಂತು. ನಾಗಿ ಕಾಯಿಯನ್ನು ಎದೆಗೆ ಒತ್ತಿಕೊಂಡು ನಿಂತು ನೋಡಿದಳು. ಸಿಕ್ಕಾಪಟ್ಟೆ ಸಿಟ್ಟು ಮಾಡಿದ ನಾನೂ ಆ ಹೊತ್ತು ಕಣ್ಣು ಒರೆಸಿಕೊಂಡೆ.

ಮುಗಿಯಿತು ಎಂದುಕೊಂಡೆವು. ಶಾಲೆಯವರು ಮಧುಕರಣ್ಣನನ್ನು ಕರೆದು, ನಿತೇಶನಿಗೆ ಬೇರೆ ಶಾಲೆ ನೋಡಿಕೊಂಡರೆ ಒಳ್ಳೆಯದು ಎಂದರು. ನೋಡಿಕೊಳ್ಳುತ್ತೇನೆ ಎಂದು ಬಂದ. ಮುಂದಿನ ಪೂಜೆಗೆ ಸವಾಲು ಬೇಡ, ಪ್ರತಿ ಕುರ್ಚಿಯ ಬೆನ್ನಿಗೂ ಮೊಬೈಲಿನಿಂದ ದುಡ್ಡು ಹಾಕುವ ಕ್ಯೂಆರ್ ಕೋಡಿನ ಚೌಕ ಅಂಟಿಸುತ್ತಾರಂತೆ.

ಮಾಘದಲ್ಲಿ ನಮ್ಮೂರ ಗುಡಿಯ ಭಜನೆ. ಮಧುಕರಣ್ಣ ತಾನೇ ಹೇಳಿ ನಾಗಿಯನ್ನೂ ಮಾನಸಾಳನ್ನೂ ಕರೆಸಿದ್ದ. ಫಲಾವಳಿಯ ಕೆಳಗೆ ನಿಂತು ಅವನು ಹಳೆಯ ಹಾಗೆ ಕೂಗುತ್ತಿದ್ದ, ಯಾರ ಹೆಸರೂ ಇಲ್ಲ, ನಗೆಯೋ ನಗೆ. ನಾಗಿಗೂ ಹುರುಪು ಬಂತು. ಒಂದು ಬಾಳೆಗೊನೆಗೆ ‘ಇನ್ನೂರು’ ಎಂದಳು. ಬೇರೆ ಯಾರೂ ಏರಿಸಲಿಲ್ಲ. ಅವಳಿಗೇ ಹೋಗಲಿ ಎಂದು ಎಲ್ಲರಿಗೂ ಇತ್ತು.

‘ಒಂದನೇ ಸಲ’ ಎಂದ ಮಧುಕರಣ್ಣ. ‘ಎರಡನೇ ಸಲ.’

ಮಾನಸಾ ತಾಯಿಯ ಸೆರಗು ಜಗ್ಗಿದಳು. ‘ಆಯಿ, ಯಾವಾಗ ಕೊಡ್ಬೇಕು? ಮೊದ್ಲು ಕೇಳು.’

ಮೆಲ್ಲಗೇ ಹೇಳಿದ್ದಳು, ಆದರೆ ಎಲ್ಲರಿಗೂ ಕೇಳಿತು. ನಮ್ಮ ಗುಡಿಯಲ್ಲಿ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾಗಿ ನಾಚಿಕೊಂಡು ಮಗಳ ಬಾಯಿ ಮುಚ್ಚಲಿಕ್ಕೆ ಹೋದಳು. ಮಧುಕರಣ್ಣ ಗೊನೆ ಹಿಡಿದುಕೊಂಡೇ ಕೆಳಗಿಳಿದು ಬಂದು ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

‘ಯಾವಾಗಾದ್ರೂ ಕೊಡು ತಂಗಿ. ಕೊಡದಿದ್ರೂ ಅಡ್ಡಿಲ್ಲ.’

ಮಾನಸಾ ಅವನ ಮುಖವನ್ನೇ ನೋಡಿದಳು. ನಂಬಬೇಕು ಎಂದು ಅವಳಿಗೂ ಆಸೆ ಇದ್ದ ಹಾಗೆ ಕಂಡಿತು.

‘ಬರ್ದು ಕೊಡ್ತ್ರಾ?’ ಎಂದು ಕೇಳಿದಳು.

ಮೂರನೇ ಸಲ ಎನ್ನುವುದು ಅವನ ಗಂಟಲಿನಿಂದ ಬರಲೇ ಇಲ್ಲ. ಅವನು ಗೊನೆಯನ್ನು ನೆಲದ ಮೇಲೆ ಇಟ್ಟ.